ಗೆದ್ದವಳ ಮುಖ

ನಮ್ಮ ನತಾಲಕ್ಕ ಮೊದಲ ಸಲ ಗೆದ್ದಾಗ ಅವಳ ಮುಖ ಗೋಡೆಯ ಮೇಲೆ ಬಂದದ್ದು ಸಂಜೆ ಐದರ ಸುಮಾರಿಗೆ. ಗಂಡಸರ ಓಟದಲ್ಲಿ ಗೆದ್ದ ಮಹಾಬಳೇಶನ ಮುಖ ಅದಕ್ಕೂ ಅರ್ಧ ತಾಸು ಮೊದಲೇ ಎಡಗಡೆ ಬಂದು ಕೂತಿತ್ತು. ನಮ್ಮೂರ ಓಟದ ಬಯಲಿನಲ್ಲಿ ಕೊನೆಯ ಗೆರೆಗೆ ಎದುರಾಗಿ ಒಂದು ಗಾರೆ ಗೋಡೆ ಇದೆ. ಗೆರೆ ದಾಟುವಾಗ ಗೆದ್ದವರ ಮುಖ ಹೇಗಿತ್ತೋ ಹಾಗೇ, ಒಂದು ಬಾಗಿಲಿನಷ್ಟು ದೊಡ್ಡದಾಗಿ ಅದರ ಮೇಲೆ ಬರುತ್ತದೆ. ಮುಂದಿನ ವರ್ಷದ ಓಟದ ತನಕ ಇರುತ್ತದೆ. ಮಳೆಗೆ ಹೋಗುವುದಿಲ್ಲ. ಸುಣ್ಣ ಬಳಿದರೆ ಮೂರನೇ ದಿನಕ್ಕೆ ಸುಣ್ಣದ ಮೇಲೆಯೇ ಎದ್ದು ಬರುತ್ತದೆ. ನನಗೆ ಗೊತ್ತು, ಯಾಕೆಂದರೆ ಆ ಬಯಲಿಗೆ ಸುಣ್ಣದ ಗೆರೆ ಎಳೆಯುವವನು ನಾನೇ. ಆರನೇ ಇಯತ್ತೆಗೆ ಶಾಲೆ ಬಿಟ್ಟೆ. ಬೋರ್ಡಿನ ಮೇಲಿನ ಲೆಕ್ಕ ನೋಡುತ್ತಾ ಕೂತವನಿಗೆ ಮಾಸ್ತರರು "ಯಾಕಲೇ ಇನಾಸ, ನನ್ನ ನುಂಗೋ ಹಂಗ ಗುರಾಯಸ್ತಿ?" ಅಂದರು. "ಲೆಕ್ಕ ನೋಡಾಕತ್ತೇನ್ರಿ" ಅಂದೆ. ಎದುರು ಮಾತಾಡಿದೆ ಅಂತ ಹೊಡೆದರು. ಮರುದಿನದಿಂದ ಸುಣ್ಣದ ಬುಟ್ಟಿ ಹೊತ್ತೆ.

ಮುಖ ಬಂದ ದಿನದಿಂದ ಒಂಬತ್ತು ದಿನ ಊರು ಅದನ್ನು ನೋಡುತ್ತದೆ. ನೋಡುವುದೆಂದರೆ ದಾರಿಹೋಕರ ಹಾಗೆ ಕಣ್ಣಾಡಿಸಿ ಹೋಗುವುದಲ್ಲ. ಮನೆಯಿಂದ ಚಾಪೆ ತರುತ್ತಾರೆ, ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ ತರುತ್ತಾರೆ, ಹೊಸ ಸೊಸೆಯನ್ನು ಕರೆತಂದು ಹೀಗಿರಬೇಕು, ಹೀಗಿರಬಾರದು ಅಂತ ಬೆರಳು ಮಾಡಿ ತೋರಿಸುತ್ತಾರೆ. ಮಿರ್ಚಿ ಭಜಿಯ ಚಂದ್ರವ್ವ ಬಸ್ ನಿಲ್ದಾಣದ ವ್ಯಾಪಾರ ಬಿಟ್ಟು ಗಾಡಿಯನ್ನು ಗೋಡೆಯ ಮುಂದಕ್ಕೇ ತಂದು ನಿಲ್ಲಿಸುತ್ತಾಳೆ. ಒಂಬತ್ತನೇ ದಿನ ಸಂಜೆ ಓಟದ ಕಮಿಟಿಯ ಅಧ್ಯಕ್ಷ ನೀಲಕಂಠಪ್ಪನವರು ಊರ ಬಾಯಲ್ಲಿ ಬಂದದ್ದನ್ನೆಲ್ಲ ಸೋಸಿ ಒಂದೇ ಒಂದು ಮಾತು ಆರಿಸುತ್ತಾರೆ. ಬೋರ್ಡು ಬರೆಯುವವನು ಸ್ಟೂಲಿನ ಮೇಲೆ ಕೂತು ಅದನ್ನು ಮುಖದ ಕೆಳಗೆ ಕರಿ ಬಣ್ಣದಲ್ಲಿ ಬರೆಯುತ್ತಾನೆ. ಒಳ್ಳೆಯ ಮಾತಾದರೆ ಗೆದ್ದವರು ರಾಜಧಾನಿಯ ದೊಡ್ಡ ಕ್ರೀಡಾಕೂಟಕ್ಕೆ ಹೋಗುತ್ತಾರೆ. ಕೆಟ್ಟ ಮಾತಾದರೆ ಎರಡನೆಯವರು ಹೋಗುತ್ತಾರೆ. ಅಷ್ಟೇ ನಿಯಮ. ಎಷ್ಟು ಅಂತರದಿಂದ ಗೆದ್ದರು ಅಂತ ಯಾರೂ ಕೇಳುವುದಿಲ್ಲ.

ಆ ಮೊದಲ ವರ್ಷ ಅಕ್ಕ ಇಪ್ಪತ್ತು ಹೆಜ್ಜೆ ಅಂತರದಿಂದ ಗೆದ್ದಿದ್ದಳು. ಎರಡು ಸುತ್ತಿನ ಓಟ. ಎರಡನೇ ಸುತ್ತಿನಲ್ಲಿ ಅವಳ ಹಿಂದೆ ಬರೀ ಧೂಳು, ಧೂಳಿನ ಹಿಂದೆ ಊರ ಹುಡುಗಿ ವಿನುತಾ, ವಿನುತಾಳ ಹಿಂದೆ ಉಳಿದವರು. ಗೋಡೆಯ ಮೇಲೆ ಬಂದ ಮುಖದಲ್ಲಿ ಹುಬ್ಬು ಗಂಟಿಕ್ಕಿತ್ತು, ಬಾಯಿ ತೆರೆದು ಹಲ್ಲು ಕಾಣುತ್ತಿದ್ದವು, ಮೂಗಿನ ಹೊಳ್ಳೆ ಅರಳಿದ್ದವು. ಎರಡು ಸುತ್ತು ಉಸಿರು ಬಿಗಿಹಿಡಿದು ಓಡಿದವಳ ಮುಖ ಮತ್ತೆ ಹೇಗಿರುತ್ತದೆ? ಪಕ್ಕದ ಮಹಾಬಳೇಶನ ಮುಖ ಇನ್ನೂ ಕೆಟ್ಟದಾಗಿತ್ತು. ನಾಲಿಗೆ ಹೊರಗೆ ಬಿದ್ದಿತ್ತು, ಒಂದು ಕಣ್ಣು ಮುಚ್ಚಿತ್ತು. ಅವನ ಮುಂದೆ ನಿಂತವರು "ಅಬಬಬಾ, ಜೀವಾ ಒತ್ತೆ ಇಟ್ಟ ಓಡ್ಯಾನ ನೋಡ್ರಿ" ಅಂದು, ಎರಡು ಹೆಜ್ಜೆ ಬಲಕ್ಕೆ ಸರಿದು ಅಕ್ಕನ ಮುಂದೆ ಬಂದು ಸೀರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. "ಯವ್ವಾ, ಯಾರನ್ನ ಕಚ್ಚಾಕ ಹೊಂಟಾಳ ಇಕಿ?" "ನಮ್ಮ ಕೂಸು ಅಂಜತೈತ್ರಿ, ಆಕಡೆ ನಿಂದ್ರೂಣ ನಡೀರಿ." ಒಂಬತ್ತನೇ ದಿನ ಮಹಾಬಳೇಶನ ಕೆಳಗೆ ಛಲ ಅಂತ ಬರೆದರು. ಅಕ್ಕನ ಕೆಳಗೆ ಸಿಟ್ಟು ಅಂತ ಬರೆದರು. ವಿನುತಾ ರಾಜಧಾನಿಗೆ ಹೋಗಿ ಏಳನೆಯವಳಾಗಿ ಬಂದಳು. ಊರು ಬ್ಯಾಂಡು ಹಚ್ಚಿ ಕರೆತಂದಿತು.

ನಾವು ದಂಡೆಕೇರಿಯವರು. ನಮ್ಮ ಮುತ್ತಜ್ಜಂದಿರನ್ನು ಯಾರೋ ಹಡಗಿನಲ್ಲಿ ತುಂಬಿ ತಂದು, ಯಾರಿಗೋ ಮಾರಿ, ಕೊಂಡವರು ಸತ್ತ ಮೇಲೆ ಅವರ ಮನೆಯವರು ಇಲ್ಲಿ ಬಿಟ್ಟುಹೋದರಂತೆ. ನಮ್ಮ ಮೈ ಕಪ್ಪು, ಕೂದಲು ಗುಂಗುರು, ಮಾತು ಈ ಊರಿನದೇ. ನಾಲ್ಕು ತಲೆಮಾರಿನಿಂದ ಇವರ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತಿದ್ದೇವೆ, ಆದರೂ ಹೊಸಬರು ಸಿಕ್ಕರೆ "ಕನ್ನಡಾ ಚಲೋ ಮಾತಾಡ್ತೀರಲ್ರೀ" ಅನ್ನುತ್ತಾರೆ. ಅಕ್ಕ ಗೆದ್ದಾಗ "ಇವರಿಗೇನ್ರಿ, ಓಟ ರಕ್ತದಾಗ ಬಂದಿರತೈತಿ" ಅಂದರು. ಬೆಳಗಿನ ನಾಲ್ಕರಿಂದ ಆರರ ತನಕ ಓಡಿ, ಏಳಕ್ಕೆ ಭಟ್ಟಿಗೆ ಹೋಗಿ, ಬಿಸಿ ಮರಳಿನ ಮುಂದೆ ಮಧ್ಯಾಹ್ನದ ತನಕ ಜರಡಿ ಆಡಿಸಿ, ಸಂಜೆ ಮತ್ತೆ ಓಡುವುದು ರಕ್ತದಲ್ಲಿ ಬರುವುದಿಲ್ಲ ಅಂತ ಯಾರಿಗೆ ಹೇಳೋಣ? ಅಕ್ಕನಿಗೆ ಇದೆಲ್ಲ ನಗು. "ನನ್ನ ಮಾರಿ ಓಡೂದಿಲ್ಲೋ ತಮ್ಮಾ, ಕಾಲು ಓಡ್ತಾವ" ಅನ್ನುತ್ತಿದ್ದಳು. ಆಗಿನ್ನೂ ಅವಳಿಗೆ ಇಪ್ಪತ್ತೊಂದು. ಇಪ್ಪತ್ನಾಲ್ಕು ದಾಟಿದರೆ ದೊಡ್ಡ ಕೂಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಕೈಯಲ್ಲಿ ಇನ್ನೂ ಮೂರು ಓಟಗಳಿದ್ದವು.

ಎರಡನೇ ವರ್ಷ ಗುರುಪಾದ ಮಾಸ್ತರರು ಅಕ್ಕನನ್ನು ಕರೆದು ಬುದ್ಧಿ ಹೇಳಿದರು. ಅವರೇ ಅವಳಿಗೆ ಓಟ ಕಲಿಸಿದವರು. ಒಳ್ಳೆಯ ಮನುಷ್ಯ, ಬೆನ್ನೆಲುಬು ಮಾತ್ರ ಇಲ್ಲ. "ನೋಡವಾ ನತಾಲಿ, ಊರ ಕೂಡ ಜಗಳ ಬ್ಯಾಡ. ಗೆರಿ ಹತ್ರ ಬಂದಾಗ ಒಂದೀಟು ನಕ್ಕುಬಿಡು. ನಕ್ಕರೇನ ಗಂಟ ಹೋಗತೈತಿ?" ಅಂದರು. ಅಕ್ಕ ನಕ್ಕಳು. ಓಟದಲ್ಲೂ ನಕ್ಕಳು. ಕೊನೆಯ ಹತ್ತು ಹೆಜ್ಜೆ ಇರುವಾಗ ಹಿಂದೆ ಯಾರೂ ಇಲ್ಲ ಅಂತ ತಿಳಿದು ಅವಳಿಗೆ ನಿಜವಾಗಿಯೂ ಖುಷಿ ಬಂದಿತ್ತಂತೆ, ಬೇಕಂತ ನಗಬೇಕಾಗಲಿಲ್ಲವಂತೆ. ಗೋಡೆಯ ಮೇಲೆ ಅಷ್ಟು ದೊಡ್ಡ, ಅಷ್ಟು ಚೆಂದದ ನಗು ನಾನು ಅದಕ್ಕೂ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ. ಅವ್ವ ಭಟ್ಟಿಯಿಂದ ನೇರ ಬಂದು, ಮೈಯೆಲ್ಲ ಬೂದಿ ಇಟ್ಟುಕೊಂಡೇ ಗೋಡೆಯ ಮುಂದೆ ನಿಂತು ದೃಷ್ಟಿ ತೆಗೆದಳು. ನಾಲ್ಕನೇ ದಿನಕ್ಕೆ ಚಂದ್ರವ್ವನ ಗಾಡಿಯ ಮುಂದೆ ಮಾತು ತಿರುಗಿತು. "ಯಾರನ್ನ ನೋಡಿ ನಗತಾಳ ಅಂತೇನಿ?" "ಮತ್ತ್ಯಾರನ್ನ? ನಮ್ಮನ್ನ. ನಮ್ಮ ಹುಡುಗ್ಯಾರು ಹಿಂದ ಬಿದ್ರಲ್ಲ, ಅದಕ್ಕ." "ಗೆದ್ದದ್ದಕ್ಕ ಒಂದ ಸಲ ಕೈ ಮುಗದಿದ್ರ ಇವರಪ್ಪನ ಆಸ್ತಿ ಕರಗತಿತ್ತೇನು?" ನಾನು ಅಲ್ಲೇ ಗೆರೆಯ ಸುಣ್ಣ ಕೆರೆಯುತ್ತಾ ಕೂತಿದ್ದೆ. ಎದ್ದು ಹೋಗಿ ಚಂದ್ರವ್ವನಿಗೆ "ನಿಮ್ಮ ಮಗಳು ಓಡಿ ನಗಲಿ, ಆಗ ನೋಡೂಣ" ಅಂದೆ. ಅವಳು ಭಜಿ ತಿರುವುತ್ತಾ, ನನ್ನನ್ನು ನೋಡದೆ, ಗಿರಾಕಿಗಳಿಗೆ ಹೇಳಿದಳು: "ನೋಡ್ರಿ, ಮನೆತನಾನೇ ಹಿಂಗ." ಒಂಬತ್ತನೇ ದಿನ ಬಂದ ಮಾತು ಸೊಕ್ಕು. ವಿನುತಾ ಹೋದಳು. ಈ ಸಲ ಒಂಬತ್ತನೆಯವಳಾದಳು. ಆದರೂ ಬ್ಯಾಂಡು.

ಮೂರನೇ ವರ್ಷ ಅಕ್ಕ ಓಡಲಿಲ್ಲ. ಕಾಲಿಗೆ ಏನೂ ಆಗಿರಲಿಲ್ಲ, ಜ್ವರವೂ ಇರಲಿಲ್ಲ. ಓಟದ ದಿನ ಬೆಳಿಗ್ಗೆ ಭಟ್ಟಿಗೆ ಹೋಗಿ ಜರಡಿ ಹಿಡಿದು ಕೂತಳು. ಅವ್ವ "ಏಳ, ಹೊತ್ತಾತು" ಅಂದರೆ "ಇಲ್ಲಿ ಬೆಂಕಿ ಮುಂದ ಯಾರೂ ನನ್ನ ನಗು ಅನ್ನೂದಿಲ್ಲ, ಅಳು ಅನ್ನೂದಿಲ್ಲ. ಕೂಡಾಕ ಬಿಡು" ಅಂದಳಂತೆ. ವಿನುತಾ ಗೆದ್ದಳು. ಅವಳ ಮುಖ ಬಂತು. ಕಣ್ಣು ಅರ್ಧ ಕೆಳಗೆ, ತುಟಿ ಮೆಲ್ಲಗೆ ಕೂಡಿಕೊಂಡಿದ್ದವು, ತಲೆ ಒಂದಿಷ್ಟು ಎಡಕ್ಕೆ ವಾಲಿತ್ತು. ಒಂಬತ್ತು ದಿನ ಬೇಕಾಗಲೇ ಇಲ್ಲ. ಎರಡನೇ ದಿನಕ್ಕೇ ಊರಿಗೆ ಊರೇ ಒಂದೇ ಮಾತು ಅನ್ನುತ್ತಿತ್ತು. ವಿನಯ ಅಂತ ಬರೆದರು. ಬೋರ್ಡು ಬರೆಯುವವನು ಅಕ್ಷರದ ಸುತ್ತ ಬಳ್ಳಿ ಬೇರೆ ಬಿಡಿಸಿದ.

ಆ ಮುಖ ಒಂದು ವರ್ಷ ನನ್ನ ಕಣ್ಣ ಮುಂದೆ ಇತ್ತು. ಗೆರೆ ಎಳೆಯುವಾಗ, ಸುಣ್ಣ ಕಲಸುವಾಗ, ಉಣ್ಣುವಾಗ. ಬೈಯುತ್ತಾ ಬೈಯುತ್ತಾ ನನಗೆ ಅದರ ಒಂದೊಂದು ಗೆರೆಯೂ ಬಾಯಿಪಾಠ ಆಗಿಹೋಯಿತು. ಆಗಲೇ ನನ್ನ ಹಾಳು ತಲೆಗೆ ಆ ಯೋಚನೆ ಬಂದದ್ದು. ಊರಿಗೆ ಬೇಕಾದ ಮುಖ ಇಲ್ಲೇ ಇದೆಯಲ್ಲ. ಒಳ್ಳೆಯ ಮಾತೂ ಕೆಳಗೇ ಇದೆಯಲ್ಲ. ಅಕ್ಕ ಇದನ್ನೇ ಹಾಕಿಕೊಂಡು ಗೆರೆ ದಾಟಿದರೆ ಇನ್ನೇನು ಬರೆದಾರು? ಎರಡು ಮತ್ತೆರಡು ನಾಲ್ಕು. ಶಾಲೆ ಬಿಟ್ಟವನ ಲೆಕ್ಕ ಇಷ್ಟೇ. ಒಂದು ಮಧ್ಯಾಹ್ನ, ಎಲ್ಲ ಉಂಡು ಮಲಗುವ ಹೊತ್ತಿಗೆ, ಗಾಳಿಪಟದ ಹಾಳೆ ಹನ್ನೆರಡು ಅಂಟಿಸಿಕೊಂಡು ಹೋಗಿ ಗೋಡೆಗೆ ಹಚ್ಚಿ, ತೆಳ್ಳನೆ ಹಾಳೆಯಲ್ಲಿ ಕಂಡ ಗೆರೆಗಳ ಮೇಲೆ ಇದ್ದಿಲು ಉಜ್ಜಿ ವಿನುತಾಳ ಮುಖವನ್ನು ಎತ್ತಿಕೊಂಡು ಬಂದೆ.

ಮನೆಯಲ್ಲಿ ಅದನ್ನು ತೂಗುಹಾಕಲು ಜಾಗ ಸಾಲಲಿಲ್ಲ. ಒಲೆಯ ಎದುರಿನ ಗೋಡೆಯ ಮೇಲೆ ಸೂರಿನಿಂದ ನೆಲದ ತನಕ ಬಂತು. ಅವ್ವ ಮೊದಲು "ಬ್ಯಾರೇ ಮಂದಿ ಹುಡುಗಿ ಮಾರಿ ನಮ್ಮ ಮನ್ಯಾಗ ಯಾಕೋ" ಅಂದಳು. ಆಮೇಲೆ ಕೂತು ನೋಡಿದಳು. ಅಕ್ಕ ಬಾಗಿಲಲ್ಲೇ ನಿಂತಳು. ನಾನು ಕೈ ಮುಗಿದು ಕೇಳಿದೆ. "ಇದೊಂದ ಸಲ ಅಕ್ಕಾ. ಕಡೀ ವರ್ಷ. ನೀ ರಾಜಧಾನಿಗೆ ಹೋದಿ ಅಂದ್ರ ಅಲ್ಲಿ ಗೋಡೆ ಇಲ್ಲ, ಅಲ್ಲಿ ಬರೀ ಗಡಿಯಾರ ಐತಿ. ಇಲ್ಲಿಂದ ದಾಟೂದಕ್ಕ ಒಂದು ಮಾರಿ. ಆಮ್ಯಾಲ ತಗದ ಒಗದುಬಿಡು." "ಆತು" ಅಂದಳು. "ಹೋಗ್ಲಿ. ಅಕಿ ಕಾಲು ತಗೋ ಅನ್ನಲಿಲ್ಲಲ್ಲ ನೀ."

ಆರು ತಿಂಗಳು ಕಲಿತಳು. ಕನ್ನಡಿ ಹಿಡಿದು, ಹಾಳೆ ನೋಡಿ, ಮತ್ತೆ ಕನ್ನಡಿ ನೋಡಿ. ಅವ್ವ ಈರುಳ್ಳಿ ಹೆಚ್ಚುತ್ತಾ ತಿದ್ದುತ್ತಿದ್ದಳು. "ಎಡಗಣ್ಣ ಇನ್ನೊಂಚೂರು ಕೆಳಗ. ಹಾಂ. ತುಟಿ ಬಿಗೀಬ್ಯಾಡ, ಮುತ್ತು ಕೊಡೋ ಹಂಗಾತು." ಮನೆಯಲ್ಲಿ ಕೂತು ಮುಖ ಹಿಡಿಯುವುದು ಸುಲಭ. ಓಡುತ್ತಾ ಹಿಡಿಯುವುದು ಜೀವ ಹೋಗುವ ಕೆಲಸ. ತುಟಿ ಕೂಡಿಸಿದರೆ ಬಾಯಲ್ಲಿ ಉಸಿರಾಡುವ ಹಾಗಿಲ್ಲ, ಮೂಗಿನ ಹೊಳ್ಳೆ ಅರಳಿಸುವ ಹಾಗಿಲ್ಲ, ತಲೆ ವಾಲಿಸಿದರೆ ಹೆಗಲು ಹಿಡಿಯುತ್ತದೆ. ಎರಡನೇ ಸುತ್ತಿನ ಕೊನೆಗೆ ಅವಳು ಬೇಲಿ ಹಿಡಿದು ವಾಂತಿ ಮಾಡುತ್ತಿದ್ದಳು. ಗುರುಪಾದ ಮಾಸ್ತರರು ಗಡಿಯಾರ ನೋಡಿ "ನಾಕು ಸೆಕೆಂಡ್ ಹೋತಲ್ಲವಾ" ಅಂತ ಗೊಣಗಿದರೂ "ಇರ್ಲಿ, ಅಷ್ಟು ಕೊಡೂಣ" ಅನ್ನುತ್ತಿದ್ದರು. ಅಷ್ಟು ಕೊಟ್ಟರೂ ಊರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅಭ್ಯಾಸಕ್ಕೆ ಅಂತ ಆ ಮುಖ ಹಾಕಿಕೊಂಡೇ ಸಂತೆಗೆ ಹೋಗುತ್ತಿದ್ದಳು. ಕಾಯಿಪಲ್ಯೆಯವಳು "ಯಾಕವಾ, ಹೊಟ್ಟಿ ಕಡಿತೈತೇನು?" ಅಂತ ಕೇಳಿ ಒಂದು ಶುಂಠಿ ತುಂಡು ಹೆಚ್ಚಿಗೆ ಹಾಕಿದಳಂತೆ. ಮನೆಗೆ ಬಂದು ಅದನ್ನು ಹೇಳುವಾಗ ಅಕ್ಕ ಬಿದ್ದು ಬಿದ್ದು ನಕ್ಕಳು. ನಾವು ಮೂವರೂ ನಕ್ಕೆವು. ನಗು ನಿಂತ ಕೂಡಲೇ ಅವಳ ಮುಖ ತಾನಾಗಿಯೇ ಹೋಗಿ ವಿನುತಾಳ ಮುಖದಲ್ಲಿ ಕೂತಿತು. ಅವ್ವ ನೋಡಿದಳು, ನಾನೂ ನೋಡಿದೆ. ಕಲಿತಳು ಅಂತ ಒಳಗೇ ಖುಷಿಪಟ್ಟೆ. ಥೂ ನನ್ನ ಖುಷಿಗೆ.

ನಾಲ್ಕನೇ ವರ್ಷದ ಓಟಕ್ಕೆ ಹಿಂದಿನ ದಿನ ನಾನು ಗೆರೆಗಳನ್ನು ಎರಡು ಸಲ ಎಳೆದೆ. ಮಧ್ಯಾಹ್ನ ಮೂರಕ್ಕೆ ಸೀಟಿ ಊದಿದರು. ಮೊದಲ ಸುತ್ತು ಅಕ್ಕ ಮೂರನೆಯವಳು. ಎರಡನೇ ಸುತ್ತಿನ ತಿರುವಿನಲ್ಲಿ ಇಬ್ಬರನ್ನೂ ದಾಟಿದಳು. ನೇರ ದಾರಿಗೆ ಬಂದಳು. ಇನ್ನು ಐವತ್ತು ಹೆಜ್ಜೆ ಇರುವಾಗ, ಎದೆ ಬಿರಿಯುವ ಹೊತ್ತಿಗೆ, ಅವಳ ಹುಬ್ಬು ಸಡಿಲವಾಯಿತು, ಕಣ್ಣು ಕೆಳಗಾದವು, ತುಟಿ ಕೂಡಿದವು, ತಲೆ ಎಡಕ್ಕೆ ವಾಲಿತು. ನಾನು ಗೆರೆಯ ಬದಿಗೆ ಮೊಣಕಾಲೂರಿ ಕೂತಿದ್ದೆ. ಹಿಂದೆ ವಿನುತಾ ಹತ್ತಿರ ಹತ್ತಿರ ಬರುತ್ತಿದ್ದಳು. ಬಾಯಿ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿದ್ದವು. ಎರಡನೆಯವರ ಮುಖ ಗೋಡೆಗೆ ಬೇಕಾಗಿಲ್ಲ. ಎಷ್ಟು ಬೇಕಾದರೂ ಉಸಿರಾಡಬಹುದು. ಅಕ್ಕ ಒಂದೇ ಒಂದು ಹೆಜ್ಜೆ ಮುಂದೆ ಗೆರೆ ದಾಟಿದಳು. ದಾಟಿ ಆಚೆ ಬಿದ್ದಳು. ಬಿದ್ದಲ್ಲೂ ಮುಖ ಬಿಟ್ಟಿರಲಿಲ್ಲ.

ಸಂಜೆ ಗೋಡೆಯ ಮೇಲೆ ಬಂದದ್ದನ್ನು ಹತ್ತಿರ ಹೋಗಿ ನೋಡಿದೆ. ಒಂದು ಕೂದಲೆಳೆ ವ್ಯತ್ಯಾಸ ಇರಲಿಲ್ಲ. ನಮ್ಮ ಮೂಗು, ನಮ್ಮ ತುಟಿ, ನಮ್ಮ ಬಣ್ಣ. ಉಳಿದದ್ದೆಲ್ಲ ಅವರಿಗೆ ಬೇಕಾದದ್ದು. ಐದು ದಿನ ಊರು ಒಳ್ಳೆಯ ಮಾತೇ ಆಡಿತು. "ಈ ಸಲ ಪರವಾಗಿಲ್ರಿ." "ಬುದ್ಧಿ ಬಂದಂಗೈತಿ." "ನಾಕು ಮಂದಿ ಹೇಳಿದ್ರ ತಿದ್ದಿಕೊಳ್ತಾರ ನೋಡ್ರಿ." ಚಂದ್ರವ್ವ ನನ್ನನ್ನು ಕರೆದು ಕಾಗದದಲ್ಲಿ ಎರಡು ಮಿರ್ಚಿ ಕಟ್ಟಿಕೊಟ್ಟು "ಅಕ್ಕಗ ಕೊಡು" ಅಂದಳು. ನಾನು ತಗೊಂಡೆ. ಅವಳಿಂದ ತಗೊಂಡೆ. ಅವ್ವ ಅಕ್ಕನ ಪ್ರಯಾಣಕ್ಕೆ ಅಂತ ಟ್ರಂಕಿನಿಂದ ಕಂಬಳಿ ತೆಗೆದು ಬಿಸಿಲಿಗೆ ಹಾಕಿದಳು. ಅಕ್ಕ ಮಾತ್ರ ಕಾಲು ನೀವಿಕೊಳ್ಳುತ್ತಾ ಕೇಳಿದಳು: "ಅಲ್ಲಿ ಖರೇನ ಗೋಡೆ ಇಲ್ಲೇನೋ?" ಇಲ್ಲ ಅಂದೆ. ನಾನು ರಾಜಧಾನಿ ನೋಡಿದವನೇ ಅಲ್ಲ.

ಆರನೇ ದಿನ ವಿನುತಾಳ ದೊಡ್ಡಮ್ಮ ಬಂದರು, ಜೊತೆಗೆ ವಿನುತಾ. ದೊಡ್ಡಮ್ಮ ಗೋಡೆಯ ಮುಂದೆ ನಿಂತು ಒಂದು ಸಲ ನೋಡಿದರು, ಎರಡು ಸಲ ನೋಡಿದರು, ಕನ್ನಡಕ ಒರೆಸಿಕೊಂಡು ಮೂರನೇ ಸಲ ನೋಡಿದರು. "ಅಯ್ಯ, ಇದು ನಮ್ಮ ವಿನ್ನೀ ಮಾರಿ ಅಲ್ಲೇನು!" ಅಂದರು. ಗೋಡೆಯ ಮುಂದಿದ್ದವರೆಲ್ಲ ವಿನುತಾಳತ್ತ ತಿರುಗಿದರು. ಆಮೇಲೆ ಗೋಡೆಯತ್ತ. ಆಮೇಲೆ ಮತ್ತೆ ವಿನುತಾಳತ್ತ. ಯಾರೋ ಹೋಗಿ ಹೋದ ವರ್ಷದ ಗೋಡೆಯ ಫೋಟೋ ತಂದರು. ಅಷ್ಟೇ ಸಾಕಾಯಿತು. "ಹೌದಲ್ಲ! ಕಣ್ಣು ನೋಡ್ರಿ." "ಕುತ್ತಿಗಿ ನೋಡ್ರಿ, ಹಂಗ ವಾಲಿಸ್ಯಾಳ." "ಕದ್ದಾಳ್ರಿ! ಮಾರಿ ಸೈತ ಕದಿಯೂದು ಅಂದ್ರ!" ನಾನು ಓಡಿ ಹೋಗಿ ವಿನುತಾಳ ಮುಂದೆ ನಿಂತೆ. ಅವಳು ಕೆಟ್ಟವಳಲ್ಲ. ಮೊದಲ ವರ್ಷ ಅಕ್ಕನಿಗೆ ತನ್ನ ನೀರಿನ ಬಾಟಲಿ ಕೊಟ್ಟವಳು. "ನೀವ ಹೇಳ್ರಿ, ಯಾರು ಮೊದಲು ಗೆರಿ ದಾಟಿದ್ರು? ಅದನ್ನಷ್ಟ ಹೇಳ್ರಿ" ಅಂದೆ. ವಿನುತಾ ಬಾಯಿ ತೆರೆದಳು. ಸುತ್ತ ಅಷ್ಟು ಜನ ಅವಳ ಮುಖವನ್ನೇ ನೋಡುತ್ತಿದ್ದರು. ಮೆಲ್ಲಗೆ ಕಣ್ಣು ಕೆಳಗೆ ಹಾಕಿದಳು, ತುಟಿ ಕೂಡಿಸಿದಳು. "ನೋಡ್ರಿ, ನೋಡ್ರಿ, ಅಸಲಿ ಅಂದ್ರ ಇದು" ಅಂದರು ಜನ. ಅವಳಿಗೂ ಆ ಮುಖ ಬಿಟ್ಟು ಬೇರೆ ಇರಲಿಲ್ಲವೋ ಏನೋ. ನನಗೆ ಅದನ್ನು ಯೋಚಿಸುವಷ್ಟು ತಾಳ್ಮೆ ಇರಲಿಲ್ಲ, ಈಗಲೂ ಇಲ್ಲ.

ಒಂಬತ್ತನೇ ದಿನ ಸಂಜೆ ಅಕ್ಕನೂ ಬಂದಳು. ಮೊದಲಿನ ಎರಡು ಸಲ ಬಂದಿರಲಿಲ್ಲ. ಅವ್ವನ ಕೈ ಹಿಡಿದು ಜನರ ನಡುವೆ ನಿಂತಳು. ನೀಲಕಂಠಪ್ಪನವರು ಒಳ್ಳೆಯ ಮಾತುಗಾರರು, ಜೋರಾಗಿ ಬೈಯುವವರಲ್ಲ. "ನಮಗ ಯಾರ ಮ್ಯಾಲೂ ದ್ವೇಷ ಇಲ್ಲ. ಈ ಹುಡುಗಿ ಓಟದ ಬಗ್ಗೆ ಎರಡು ಮಾತಿಲ್ಲ. ಆದ್ರ ಊರು ಕೇಳೂದು ಒಂದ: ಮನಸ್ಸು ಶುದ್ಧ ಇರ್ಬೇಕು. ತನ್ನತನ ಇರ್ಬೇಕು" ಅಂದರು. ತನ್ನತನ! ನಾನು ಕೂಗಿದೆ. "ತನ್ನ ಮಾರಿ ತಂದಾಗ ಸಿಟ್ಟು ಅಂದ್ರಿ, ತನ್ನ ನಗು ತಂದಾಗ ಸೊಕ್ಕು ಅಂದ್ರಿ. ನಿಮ್ಮ ಮಾರಿ ತಂದು ಕೊಟ್ರ ಕಳವು ಅಂತೀರಿ. ಯಾವುದ ತರಬೇಕಿತ್ತು ಹೇಳ್ರಲಾ!" ಹಿಂದಿನಿಂದ ಯಾರೋ "ನೋಡ, ನೋಡ ಹೆಂಗ ಒದರತಾನ" ಅಂದರು. ನೀಲಕಂಠಪ್ಪನವರು ನನ್ನ ಕಡೆ ನೋಡಿ ಮುಗುಳ್ನಕ್ಕು ಬೋರ್ಡು ಬರೆಯುವವನಿಗೆ ಸನ್ನೆ ಮಾಡಿದರು. ಅವನು ನಟನೆ ಅಂತ ಬರೆದ. ಬಳ್ಳಿ ಬಿಡಿಸಲಿಲ್ಲ. ಕಂಬಳಿಯನ್ನು ಅವ್ವ ಆ ದಿನವೇ ಟ್ರಂಕಿಗೆ ಹಾಕಿದಳು. ಆ ತಿಂಗಳ ಕೊನೆಗೆ ಅಕ್ಕನಿಗೆ ಇಪ್ಪತ್ನಾಲ್ಕು ದಾಟುತ್ತಿತ್ತು.

ಮರುದಿನ ಹಗಲು ಹನ್ನೊಂದು ಗಂಟೆಗೆ, ಎಲ್ಲರೂ ನೋಡಲಿ ಅಂತಲೇ, ನಾನು ಪಿಕಾಸಿ ತಗೊಂಡು ಬಯಲಿಗೆ ಹೋದೆ. ಮೊದಲನೇ ಏಟು ಆ ಮಾತಿಗೆ. ಗಾರೆ ಹಳೆಯದು. ಮಾತು ಒಂದೇ ಬೀಳಲಿಲ್ಲ, ಗದ್ದವನ್ನೂ ಹಿಡಿದುಕೊಂಡು ಬಿತ್ತು. ಎರಡನೇ ಏಟಿಗೆ ತುಟಿ, ಮೂರನೆಯದಕ್ಕೆ ಕೆನ್ನೆ. ಜನ ಸೇರಿದರು. ಯಾರಾದರೂ ತಡೆದಾರು, ತಡೆದವನನ್ನು ಹೊಡೆದೇನು ಅಂತ ನಾನು ಕಾಯುತ್ತಿದ್ದೆ. ಯಾರೂ ತಡೆಯಲಿಲ್ಲ. ಚಾಪೆ ಹಾಸಿ ಕೂತರು. ನೀಲಕಂಠಪ್ಪನವರೂ ಬಂದರು. "ಬಿಡ್ರಿ, ಹೊಡೀಲಿ. ಎಲ್ಲಾರೂ ಕಣ್ಣಾರೆ ನೋಡ್ರಿ. ಇನ್ನ ಮ್ಯಾಲ ದಂಡೆಕೇರಿಯವರನ್ನ ಗೆರಿ ಹತ್ರ ಯಾಕ ಬಿಡಬಾರ್ದು ಅಂತ ನಾ ಬ್ಯಾರೆ ಹೇಳೂದ ಬೇಕಾಗಿಲ್ಲ" ಅಂದರು. ಅವರು ಗೋಡೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ನನ್ನ ಹುಬ್ಬು, ನನ್ನ ಹಲ್ಲು, ನನ್ನ ಮೂಗಿನ ಹೊಳ್ಳೆ. ಅವರ ಕಣ್ಣಲ್ಲಿ ಎಂಥ ಸಮಾಧಾನ ಇತ್ತು ಗೊತ್ತೇ? ನಾಲ್ಕು ವರ್ಷದಿಂದ ಹೇಳುತ್ತಾ ಬಂದದ್ದು ಕೊನೆಗೂ ನಿಜವಾಯಿತು ಅನ್ನುವ ಸಮಾಧಾನ. ಕೇರಿಯಲ್ಲಿ ಬೆಳಿಗ್ಗೆ ಅಕ್ಕನ ಹಿಂದೆ ಓಡಲು ಕಲಿಯುತ್ತಿದ್ದ ಐದು ಹುಡುಗಿಯರಿದ್ದರು. ಅವರ ಹಾದಿಯನ್ನು ನಾನು ಆ ಹೊತ್ತು ಪಿಕಾಸಿಯಿಂದಲೇ ಮುಚ್ಚಿದೆ. ಅದು ತಿಳಿಯುತ್ತಿತ್ತು. ಆದರೂ ಕೈ ನಿಲ್ಲಲಿಲ್ಲ.

ನಿಲ್ಲಿಸಿದ್ದು ಅಕ್ಕ. ಭಟ್ಟಿಯಿಂದ ಓಡಿ ಬಂದಿದ್ದಳು. ಕೈಯಲ್ಲಿ ಇನ್ನೂ ಜರಡಿ ಇತ್ತು. ಅಷ್ಟು ವೇಗವಾಗಿ ಅವಳು ಓಡಿದ್ದನ್ನು ನಾನು ಯಾವ ಓಟದಲ್ಲೂ ನೋಡಿರಲಿಲ್ಲ. ಬಂದು ಪಿಕಾಸಿಯ ಹಿಡಿಯ ಮೇಲೆ ಕೈ ಇಟ್ಟಳು. ನಾನು ಅವಳ ಮುಖ ನೋಡಿದೆ. ಸಿಟ್ಟೇ? ಅಲ್ಲ. ನಾಚಿಕೆಯೇ? ನನ್ನ ಮೇಲೆ ಬೇಸರವೇ, ಅಥವಾ ಪಾಪ ಅನ್ನಿಸಿತೇ? ಕಣ್ಣು ನೋಡಿದೆ, ತುಟಿ ನೋಡಿದೆ, ಹುಬ್ಬು ನೋಡಿದೆ. ಅಲ್ಲಿ ಏನೋ ಇತ್ತು, ಅದಕ್ಕೆ ಯಾವ ಮಾತು ಅಂತ ನಾನು ಹುಡುಕುತ್ತಾ ನಿಂತೆ. ನಾನು ಹುಡುಕುವುದನ್ನು ಅವಳು ನೋಡಿದಳು. "ನೀನೂ ನೋಡಾಕತ್ತಿ" ಅಂದಳು. ಬೈದದ್ದಲ್ಲ. ಹೊತ್ತು ಎಷ್ಟಾಯಿತು ಅಂತ ಹೇಳುವ ಹಾಗೆ ಹೇಳಿದಳು. ಕೈ ತೆಗೆದಳು. ತಿರುಗಿ ಹೋದಳು.

ಈಗ ಅಕ್ಕ ನಮ್ಮ ಕಡೆ ಬೆನ್ನು ಮಾಡಿ ಉಣ್ಣುತ್ತಾಳೆ. ಭಟ್ಟಿಯಲ್ಲೂ ಮೂಲೆಯ ಒಲೆಯನ್ನೇ ಕೇಳಿ ತಗೊಂಡಿದ್ದಾಳೆ. ಓಡುವುದಿಲ್ಲ. ನಾನು ತಪ್ಪಾಯಿತು ಅಂದೆ, ಎಷ್ಟೋ ಸಲ ಅಂದೆ. "ಹೂಂ" ಅನ್ನುತ್ತಾಳೆ. ಆ ಹೂಂ ಹೇಗಿತ್ತು ಅಂತ ನಾನು ಯೋಚಿಸಬಾರದು, ಯೋಚಿಸುತ್ತೇನೆ. ಅವ್ವನಿಗೆ ರೂಢಿಯಾಗಿದೆ. ತಟ್ಟೆ ತಂದು ಅಕ್ಕನ ಬೆನ್ನ ಹಿಂದೆ ಇಡುತ್ತಾಳೆ, ಅಕ್ಕ ತಿರುಗದೆ ಕೈ ಚಾಚಿ ಎಳೆದುಕೊಳ್ಳುತ್ತಾಳೆ. ಇನ್ನೊಂದು ಸೌಟು ಸಾರು ಬೇಕೇನು ಅಂತ ಕೇಳಿದರೆ ಕೈ ಎತ್ತುತ್ತಾಳೆ. ಬೇಕು ಅಂತಲೋ ಸಾಕು ಅಂತಲೋ ತಿಳಿಯುವುದಿಲ್ಲ. ಅವ್ವ ಸೌಟು ಹಿಡಿದು ಒಂದು ಗಳಿಗೆ ನಿಲ್ಲುತ್ತಾಳೆ, ಆಮೇಲೆ ಹಾಕುತ್ತಾಳೆ.